ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ: ನನ್ನ ಅನುಭವ

ಟ್ರಯಲ್ ಬ್ಯಾಲೆನ್ಸ್ ಎಂದರೆ ಎಲ್ಲಾ ಖಾತೆಗಳ ಬಾಕಿಯನ್ನು ಡೆಬಿಟ್, ಕ್ರೆಡಿಟ್ ಎಂಬ ಎರಡು ಕಾಲಂನಲ್ಲಿ ಬರೆಯುವ ಪಟ್ಟಿ; ಎರಡರ ಮೊತ್ತ ಒಂದೇ ಇರಬೇಕು. ನನ್ನದು ಅಭ್ಯಾಸದ ಲೆಕ್ಕ. ಡೆಬಿಟ್ ಮೊತ್ತ 84,370, ಕ್ರೆಡಿಟ್ ಮೊತ್ತ 85,630. ವ್ಯತ್ಯಾಸ 1,260.

ಮೂರು ಸಲ ಕೂಡಿದೆ, ಅದೇ ಉತ್ತರ. ಜರ್ನಲ್‌ನಿಂದ (ವ್ಯವಹಾರಗಳನ್ನು ಮೊದಲು ಬರೆಯುವ ಪುಸ್ತಕ) ಎಲ್ಲವನ್ನೂ ಹೊಸದಾಗಿ ಬರೆದೆ. ಅದೇ ತಪ್ಪನ್ನು ಮತ್ತೆ ಮಾಡಿದೆ. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ತಪ್ಪು ಸಿಗುವವರೆಗಿನ ತಾತ್ಕಾಲಿಕ ಖಾತೆ) ಹಾಕಿದರೆ ತಾಳೆ ಆಗುತ್ತದೆ, ಆದರೆ ಅದು ಕಸವನ್ನು ಚಾಪೆ ಕೆಳಗೆ ತಳ್ಳಿದ ಹಾಗೆ.

ಕೊನೆಗೆ ಕೆಲಸಕ್ಕೆ ಬಂದದ್ದು ವ್ಯತ್ಯಾಸದ ಸಂಖ್ಯೆಯೇ. ಮೊದಲು 1,260 ಎಂಬ ಮೊತ್ತವನ್ನೇ ಲೆಡ್ಜರ್‌ನಲ್ಲಿ (ಖಾತೆವಾರು ಪುಸ್ತಕ) ಹುಡುಕಿ. ಸಿಕ್ಕರೆ, ಅದನ್ನು ಪಟ್ಟಿಗೆ ತರುವುದು ಬಿಟ್ಟುಹೋಗಿರಬಹುದು. ನನಗೆ ಸಿಗಲಿಲ್ಲ. ಆಮೇಲೆ ಅರ್ಧ ಮಾಡಿ: 630. ಒಂದು ಮೊತ್ತ ತಪ್ಪು ಕಡೆ ಬಿದ್ದರೆ ವ್ಯತ್ಯಾಸ ಅದರ ಎರಡರಷ್ಟಾಗುತ್ತದೆ. ಕ್ರೆಡಿಟ್ ಜಾಸ್ತಿ ಇರುವುದರಿಂದ ಕ್ರೆಡಿಟ್ ಕಾಲಂನಲ್ಲಿ ಮಾತ್ರ 630 ಹುಡುಕಿದರೆ ಸಾಕು. ಅಲ್ಲೇ ಇತ್ತು! ಗ್ರಾಹಕರಿಗೆ ಕೊಟ್ಟ ಡಿಸ್ಕೌಂಟ್ ನಮಗೆ ಖರ್ಚು, ಡೆಬಿಟ್‌ಗೆ ಬರಬೇಕು, ಅಲ್ವಾ? ನಾನು ಅದನ್ನು ಬಂದ ಡಿಸ್ಕೌಂಟ್ ಎಂದುಕೊಂಡು ಕ್ರೆಡಿಟ್‌ಗೆ ಬರೆದಿದ್ದೆ. ಈ ಕಡೆಯಿಂದ ತೆಗೆದು ಆ ಕಡೆ ಹಾಕಿದೆ. ಎರಡೂ 85,000.

ಅರ್ಧವೂ ಸಿಗದಿದ್ದರೆ 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರಬಹುದು: 1,820 ಬದಲು 1,280 ಬರೆದರೆ ವ್ಯತ್ಯಾಸ 540. ಸೊನ್ನೆ ಜಾಸ್ತಿ ಬಿದ್ದರೂ ಹೀಗೇ. 1,260 ಕೂಡ 9ರಿಂದ ಭಾಗವಾಗುತ್ತದೆ, ಹಾಗಾಗಿ ಅರ್ಧ ಮಾಡುವ ಹೆಜ್ಜೆಯನ್ನು ಮೊದಲು ಮುಗಿಸಿ. ಆದರೆ ಎರಡೂ ಕಡೆ ಪೂರ್ತಿ ಬಿಟ್ಟುಹೋದ ನಮೂದಿನಂಥ ತಪ್ಪುಗಳು ಇದರಲ್ಲಿ ಸಿಗುವುದಿಲ್ಲ.