ಗಡಿಯೂರಿನಲ್ಲಿ ಕೂತು ನಾನು ಜಾಲತಾಣ ಹುಡುಕುವ ಬಗೆ

ನನ್ನ ಮನೆ ಬದಿಯಡ್ಕದ ಹತ್ತಿರ, ಕಾಸರಗೋಡು ಜಿಲ್ಲೆ. ಫೋನು ತಾನಾಗಿ ಮುಂದಿಡುವ ಸುದ್ದಿ ಪಟ್ಟಿಗೆ ನಾನಿರುವ ಜಾಗ ಗೊತ್ತು, ನಾನು ಓದುವ ಭಾಷೆಯೂ ಗೊತ್ತು. ಜಾಗ ನೋಡಿದರೆ ತಿರುವನಂತಪುರದ ರಾಜಕೀಯ ಮಲಯಾಳದಲ್ಲಿ ಬರುತ್ತದೆ. ಭಾಷೆ ನೋಡಿದರೆ ಬೆಂಗಳೂರಿನ ಸಿನಿಮಾ ವಾರ್ತೆ ಕನ್ನಡದಲ್ಲಿ ಬರುತ್ತದೆ. ತಂತ್ರಜ್ಞಾನ ಎಂಬ ಹೆಸರಿನಡಿ ಬರುವುದೆಲ್ಲ ಯಾವ ಫೋನಿನ ಬೆಲೆ ಎಷ್ಟು ಇಳಿಯಿತು ಎಂಬ ಮಾತು. ಅದನ್ನು ನಾನು ಜಾಹೀರಾತು ಎಂದೇ ಲೆಕ್ಕ ಹಾಕುತ್ತೇನೆ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾ, ಅಲ್ಲಿನ ಲಿಟಲ್ ಕೈಟ್ಸ್ ಐಟಿ ಕ್ಲಬ್ಬನ್ನೂ ನೋಡಿಕೊಳ್ಳುವ ನನಗೆ ಇದು ಯಾವುದಕ್ಕೂ ಸಾಲದು. ಎಂಟನೇ, ಒಂಬತ್ತನೇ ತರಗತಿಯ ಮಕ್ಕಳ ಪ್ರಶ್ನೆಗಳು ಇದಕ್ಕಿಂತ ಎಷ್ಟೋ ದೊಡ್ಡವು. ಹಾಗಾಗಿ ನನ್ನ ಓದಿನ ಪಟ್ಟಿಯನ್ನು ನಾನೇ ಕಟ್ಟಿಕೊಂಡೆ. ಅದು ಹೇಗೆಂದು ಇಲ್ಲಿ ಬರೆದಿದ್ದೇನೆ.

ಒಳ್ಳೆಯ ತಾಣಗಳು ಹುಡುಕುಯಂತ್ರದ ಮೊದಲ ಪುಟದಲ್ಲಿ ಸಿಗುವುದು ಅಪರೂಪ. ನನಗೆ ಸಿಕ್ಕವುಗಳಲ್ಲಿ ಹೆಚ್ಚಿನವು ಮತ್ತೊಂದು ಒಳ್ಳೆಯ ತಾಣದ ಮೂಲಕವೇ ಸಿಕ್ಕಿದವು. ಏನಾದರೂ ಇಷ್ಟವಾದರೆ ಪುಟದ ಬುಡಕ್ಕೆ ಹೋಗಿ 'ಇದನ್ನು ಮಾಡಿದವರು ಯಾರು?' ಎಂದು ನೋಡುವುದು ನನ್ನ ಅಭ್ಯಾಸ. ನಮ್ಮೂರಿನ ಬೆಟ್ಟಗಳಲ್ಲಿ ನೀರಿಗಾಗಿ ಸುರಂಗ ತೋಡುವವರು ಮಣ್ಣಿನ ಒದ್ದೆ ನೋಡಿಕೊಂಡು ಮುಂದೆ ಹೋಗುತ್ತಾರಲ್ಲ, ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕೈಗೆ ಬರುವ ಸುತ್ತೋಲೆಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿರುತ್ತವೆ. ಪೇಟೆಯಲ್ಲಿ ಆಡುವ ಮಲಯಾಳ ಬಂದರೂ ಕಚೇರಿಯ ಮಲಯಾಳ ಬೇರೆಯೇ ಒಂದು ಲೋಕ. ಪದದ ಅರ್ಥ ನೋಡಲು ನಾನು 'ಓಳಂ' ಎಂಬ ಆನ್‌ಲೈನ್ ನಿಘಂಟನ್ನು ಬಳಸುತ್ತಿದ್ದೆ. 2010ರಲ್ಲಿ ಶುರುವಾದ ತಾಣ ಅದು. ಜಾಹೀರಾತಿಲ್ಲ, ಲಾಗಿನ್ ಕೇಳುವುದಿಲ್ಲ, ಪದ ಹೊಡೆದ ಕೂಡಲೇ ಅರ್ಥ ಬರುತ್ತದೆ. ಇಷ್ಟು ಚೊಕ್ಕವಾಗಿ ಯಾರು ಮಾಡಿದರು ಎಂದು ಹುಡುಕಿದಾಗ ಕೈಲಾಶ್ ನಾಧ್ ಎಂಬ ಪ್ರೋಗ್ರಾಮರ್ ಹೆಸರು ಸಿಕ್ಕಿತು. ಅವರ ಸ್ವಂತ ತಾಣಕ್ಕೆ ಹೋದೆ. ಅಲ್ಲಿಂದ ಸಿಕ್ಕಿದ್ದು 'ಅಲರ್', ನಮ್ಮದೇ ಕನ್ನಡದ ಕನ್ನಡ–ಇಂಗ್ಲಿಷ್ ನಿಘಂಟು! ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕೆಲಸವದು; 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಅಂತರ್ಜಾಲಕ್ಕೆ ಬಂತು. ಮಲಯಾಳದ ಸುತ್ತೋಲೆಯಿಂದ ಹೊರಟವನು ಕನ್ನಡದ ಅಷ್ಟು ದೊಡ್ಡ ನಿಧಿಯ ಮುಂದೆ ನಿಂತಿದ್ದೆ. ಪೂರ್ತಿ ಕಡತವನ್ನೇ ಇಳಿಸಿಕೊಳ್ಳಬಹುದು ಎಂದು ತಿಳಿದ ಮೇಲೆ ಕ್ಲಬ್ಬಿನ ಮಕ್ಕಳು ಅದರಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದ ಊಹಿಸುವ ಆಟ ಬರೆದರು.

ಹೀಗೆ ಸಿಕ್ಕ ತಾಣಗಳನ್ನು ಬುಕ್‌ಮಾರ್ಕ್ ಮಾಡಿಟ್ಟರೆ ಮತ್ತೆ ಆ ಕಡೆ ಹೋಗುವುದೇ ಇಲ್ಲ. ಅದಕ್ಕಾಗಿ ನಾನು ನೆಚ್ಚಿಕೊಂಡಿರುವುದು ಆರ್‌ಎಸ್‌ಎಸ್ ಎಂಬ ಅಂತರ್ಜಾಲದ ತಂತ್ರ (ಅದೇ ಹೆಸರಿನ ಸಂಘಟನೆಯಲ್ಲ). 1999ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯಲ್ಲಿ ಹುಟ್ಟಿದ ಹಳೆಯ ವ್ಯವಸ್ಥೆ. ತಾಣದಲ್ಲಿ ಹೊಸತೇನು ಬಂತು ಎಂಬುದನ್ನು 'ಫೀಡ್' ಎಂಬ ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತಾರೆ, ನಮ್ಮಲ್ಲಿರುವ 'ರೀಡರ್' ತಂತ್ರಾಂಶ ಆಗಾಗ ಹೋಗಿ ಅದನ್ನು ಓದಿಕೊಂಡು ಬರುತ್ತದೆ. ಬಂದದ್ದು ಬಂದ ಕ್ರಮದಲ್ಲೇ ಕಾಣುತ್ತದೆ. ನಡುವೆ ಯಾರೂ ಆಯ್ದು ಕೊಡುವುದಿಲ್ಲ. ಆರ್‌ಎಸ್‌ಎಸ್ 1.0 ರೂಪಿಸಿದ ತಂಡದಲ್ಲಿದ್ದ ಆರನ್ ಸ್ವಾರ್ಟ್ಸ್‌ಗೆ ಆಗ ಹದಿನಾಲ್ಕು ವರ್ಷ ಎಂದು ಕ್ಲಬ್ಬಿನಲ್ಲಿ ಹೇಳಿದಾಗ ಅದೇ ವಯಸ್ಸಿನ ಮಕ್ಕಳು ಕೂತಲ್ಲೇ ನೆಟ್ಟಗಾದರು. 2013ರ ಜುಲೈ 1ಕ್ಕೆ ಗೂಗಲ್ ತನ್ನ ಫೀಡ್ ಓದುವ ಸೇವೆ ಗೂಗಲ್ ರೀಡರ್ ಮುಚ್ಚಿದ ಮೇಲೆ ಇದು ಮುಗಿದ ಕಥೆ ಎಂದುಕೊಂಡವರು ತುಂಬ ಜನ. ನನ್ನ ದಿನದ ಓದೆಲ್ಲ ಇವತ್ತಿಗೂ ಅದರ ಮೇಲೆಯೇ ನಡೆಯುತ್ತಿದೆ. ಫೋನಿನಲ್ಲಿ ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಿಂದ ಇಳಿಸಿದ 'ಫೀಡರ್' ಆ್ಯಪ್, ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ.

ಫೀಡ್ ವಿಳಾಸ ಎಲ್ಲಿದೆ ಎಂಬಲ್ಲೇ ಹೆಚ್ಚಿನವರು ಕೈಬಿಡುವುದು. ಎಷ್ಟೋ ಸಲ ತಾಣದ ವಿಳಾಸವನ್ನಷ್ಟೇ ಕೊಟ್ಟರೆ ರೀಡರೇ ಫೀಡ್ ಹುಡುಕಿಕೊಳ್ಳುತ್ತದೆ. ಆಗದಿದ್ದರೆ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಕಟ್ಟಿದ ತಾಣಗಳಿಗೆ ವಿಳಾಸದ ಕೊನೆಯಲ್ಲಿ ಸ್ಲ್ಯಾಶ್ ಹಾಕಿ 'ಫೀಡ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು. ತಂತ್ರಾಂಶಗಳ ಸಂಕೇತ ಇಡುವ ಗಿಟ್‌ಹಬ್‌ ತಾಣದಲ್ಲಿ ಒಂದು ತಂತ್ರಾಂಶದ 'ರಿಲೀಸಸ್' ಪುಟದ ವಿಳಾಸಕ್ಕೆ 'ಡಾಟ್ ಆಟಮ್' ಸೇರಿಸಿದರೆ ಹೊಸ ಆವೃತ್ತಿ ಬಂದ ಕೂಡಲೇ ತಿಳಿಯುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ, ಖಾತೆಯಿಲ್ಲದೆ ಚಾನೆಲ್ ಹಿಂಬಾಲಿಸಬಹುದು. ಯಾವುದೂ ಆಗದಿದ್ದರೆ ಬ್ರೌಸರಿನಲ್ಲಿ ಪುಟದ ಮೂಲಸಂಕೇತ (ಸೋರ್ಸ್ ಕೋಡ್) ತೆರೆದು 'ಆರ್‌ಎಸ್‌ಎಸ್' ಅಕ್ಷರಗಳನ್ನು ಹುಡುಕುತ್ತೇನೆ. ಇದ್ದರೆ ಪಕ್ಕದಲ್ಲೇ ವಿಳಾಸ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಗಂಟೆಗಟ್ಟಲೆ ಇರುವುದಿಲ್ಲ. ಬೆಳಿಗ್ಗೆ ಇಳಿದು ಕೂತ ಲೇಖನಗಳನ್ನು ಆಗ ನಿಧಾನವಾಗಿ ಓದಬಹುದು. ನನಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಸುದ್ದಿಗೆ ನಾನು ನಂಬಿದ್ದು ಹ್ಯಾಕರ್ ನ್ಯೂಸ್, 2007ರಲ್ಲಿ ಪಾಲ್ ಗ್ರಹಾಂ ಶುರುಮಾಡಿದ್ದು. ಓದುಗರೇ ಹಾಕಿ, ಅಂಕ ಕೊಡುವ, ಚಿತ್ರವಿಲ್ಲದ ಬರೀ ಕೊಂಡಿಗಳ ಪಟ್ಟಿ. ಪೂರ್ತಿ ಫೀಡ್ ಹಾಕಿಕೊಂಡರೆ ಮುಳುಗಿ ಹೋಗುತ್ತೇವೆ. ಎಚ್‌ಎನ್‌ಆರ್‌ಎಸ್‌ಎಸ್ ಎಂಬ ಸೇವೆಯಲ್ಲಿ ಇಷ್ಟು ಅಂಕ ದಾಟಿದ್ದು ಮಾತ್ರ ಬರಲಿ ಎಂದು ಹೇಳಬಹುದು. ನಾನು 200 ಇಟ್ಟಿದ್ದೇನೆ. ಒಬ್ಬೊಬ್ಬರೇ ನಡೆಸುವ ಸಣ್ಣ ತಾಣಗಳು ಬೇಕಾದಾಗ ಮಾರ್ಜಿನೇಲಿಯಾ ಎಂಬ ಹುಡುಕುಯಂತ್ರಕ್ಕೆ ಹೋಗುತ್ತೇನೆ. ಸ್ವೀಡನ್ನಿನ ಒಬ್ಬರು ಕಟ್ಟಿದ್ದು, ಅಕ್ಷರ ಹೆಚ್ಚಿರುವ ಸರಳ ಪುಟಗಳನ್ನು ಮುಂದೆ ತರುತ್ತದೆ. ಹೆಚ್ಚಾಗಿ ಇಂಗ್ಲಿಷಿಗೇ ಉಪಯೋಗ.

ಸುದ್ದಿ ಕಂಡ ಮೇಲೆ ಮೂಲಕ್ಕೆ ಹೋಗಲೇಬೇಕು, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. 2024ರ ಮಾರ್ಚ್ ಕೊನೆಯಲ್ಲಿ 'ಲಿನಕ್ಸ್ ಹ್ಯಾಕ್ ಆಯಿತು' ಎಂಬ ತಲೆಬರಹಗಳು ಹರಿದಾಡಿದವು. ನಮ್ಮ ಶಾಲೆಯ ಕಂಪ್ಯೂಟರುಗಳೆಲ್ಲ ಲಿನಕ್ಸಿನದೇ ಒಂದು ರೂಪವಾದ ಉಬುಂಟು ಆಧಾರಿತವಾದ್ದರಿಂದ ಮಕ್ಕಳಿಗೆ ಗಾಬರಿ. ಕೊಂಡಿ ಹಿಡಿದು ಹೋದಾಗ ಸಿಕ್ಕಿದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಮಾರ್ಚ್ 29ರಂದು ಓಪನ್‌ವಾಲ್ ತಾಣದಲ್ಲಿ ಬರೆದ ವರದಿ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿತ್ತು. ಯಾಕೆಂದು ಕೆದಕುತ್ತಾ ಹೋದ ಆತ 'ಎಕ್ಸ್‌ಝೆಡ್' ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದೊಳಗೆ ಯಾರೋ ಹುದುಗಿಸಿದ್ದ ಕಳ್ಳಬಾಗಿಲನ್ನು ಕಂಡುಹಿಡಿದರು. ಕೆಟ್ಟಿದ್ದು 5.6.0 ಮತ್ತು 5.6.1 ಎಂಬ ಎರಡು ಆವೃತ್ತಿ ಮಾತ್ರ. ನಾವು ಲ್ಯಾಬಿನಲ್ಲಿ ಟರ್ಮಿನಲ್ ತೆರೆದು ಆವೃತ್ತಿ ಕೇಳಿದೆವು, 5.2ರ ಹಳೆಯ ಸರಣಿ ಎಂದು ಬಂತು. ಗಾಬರಿ ಅಲ್ಲಿಗೇ ಇಳಿಯಿತು. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಅಲಕ್ಷ್ಯ ಮಾಡದ ಒಬ್ಬ ಮನುಷ್ಯನ ಆ ವಿವರ ನಾನು ನೋಡಿದ ಹೆಚ್ಚಿನ ತಲೆಬರಹದ ಸುದ್ದಿಗಳಲ್ಲಿ ಇರಲೇ ಇಲ್ಲ. ಆ ದಿನ ಮಕ್ಕಳು ಅದನ್ನೇ ಮಾತಾಡಿಕೊಂಡು ಮನೆಗೆ ಹೋದರು.

ಪಟ್ಟಿ ಉದ್ದವಾಗದಂತೆ ನೋಡಿಕೊಳ್ಳಬೇಕು. ಓದದೆ ದಾಟಿಸುತ್ತಲೇ ಇರುವ ಫೀಡನ್ನು ದಾಕ್ಷಿಣ್ಯವಿಲ್ಲದೆ ತೆಗೆಯುತ್ತೇನೆ. ದಿನಕ್ಕೆ ಹತ್ತಾರು ಬರಹ ಸುರಿಯುವ ತಾಣಕ್ಕಿಂತ ತಿಂಗಳಿಗೊಮ್ಮೆ ಬರೆಯುವ ಒಬ್ಬರ ತಾಣ ನನಗೆ ಮುಖ್ಯ. ಮುಚ್ಚಿಹೋದ ತಾಣಗಳಿಗೆ, ಹಳೆಯ ಪುಟಗಳ ಪ್ರತಿ ಕಾದಿಡುವ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನ್ ಇದ್ದೇ ಇದೆ; ಹಳೆಯ ಕನ್ನಡ ಪುಟಗಳನ್ನು ನಾನು ಅಲ್ಲಿ ಎಷ್ಟೋ ಸಲ ತೆರೆದು ಓದಿದ್ದೇನೆ.

ಕನ್ನಡದ ಮಟ್ಟಿಗೆ ನನ್ನ ಪಟ್ಟಿ ಚಿಕ್ಕದು. ಟಿ. ಜಿ. ಶ್ರೀನಿಧಿಯವರ ವಿಜ್ಞಾನ-ತಂತ್ರಜ್ಞಾನ ತಾಣ 'ಇಜ್ಞಾನ' ಅದರ ಮೊದಲ ಸಾಲಿನಲ್ಲಿದೆ. ಮಕ್ಕಳ ಕೈಗೆ ಮೊದಲು ಕೊಡುವುದೂ ಅದನ್ನೇ. ಇಡೀ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ (ಫೀಡ್ ವಿಳಾಸಗಳನ್ನು ಒಂದು ರೀಡರಿನಿಂದ ಇನ್ನೊಂದಕ್ಕೆ ಒಯ್ಯುವ ಕಡತ) ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ, ಅವರು ತಮಗೆ ಬೇಕಾದ್ದು ಸೇರಿಸಿ, ಬೇಡದ್ದು ಅಳಿಸಿಕೊಳ್ಳುತ್ತಾರೆ. ನನ್ನ ಪಟ್ಟಿಯಲ್ಲಿ ಇನ್ನೂ ಒಂದು ಜಾಗ ಖಾಲಿಯಿದೆ. ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದೇ ನಮ್ಮ ಕಾಸರಗೋಡಿನಲ್ಲಿ. ಅಡಿಕೆ, ತೆಂಗಿನ ತೋಟಕ್ಕೆ ಬರುತ್ತಿರುವ ಹೊಸ ಯಂತ್ರ, ಸೆನ್ಸರ್, ಡ್ರೋನುಗಳ ಬಗ್ಗೆ ತಾವೇ ಬಳಸಿ ನೋಡಿ ಕನ್ನಡದಲ್ಲಿ ನಿಯಮಿತವಾಗಿ ಬರೆಯುವ, ಫೀಡ್ ಇರುವ ಒಂದು ತಾಣ ನನಗೆ ಬೇಕು. ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನೀವೇ ಬರೆಯುವವರಾದರೆ ಇನ್ನೂ ಒಳ್ಳೆಯದು, ಫೀಡ್ ಒಂದನ್ನು ಮಾತ್ರ ಮರೆಯದೆ ಇಡಿ.