ನಿಕ್ಕಲ್ ಟ್ಯಾಂಕಿಗೆ ಟೈಟಾನಿಯಂ ಕಾಯಿಲ್: ನನ್ನ ಅನುಭವ

ಟೈಟಾನಿಯಂ ಅಂದ ಕೂಡಲೇ ಜನ ವಿಮಾನ, ರಾಕೆಟ್ ಅಂತ ಶುರು ಮಾಡುತ್ತಾರೆ. ನಾನು ಇಷ್ಟು ವರ್ಷ ಕೈಯಾಡಿಸಿದ ಟೈಟಾನಿಯಂ ನೆಲದಿಂದ ಒಂದಡಿಯೂ ಮೇಲೆ ಹಾರಿಲ್ಲ. ಕರೆಂಟ್ ಹರಿಸಿ ಲೋಹದ ಲೇಪ ಕೊಡುವ ಯಾವುದೋ ಪ್ಲೇಟಿಂಗ್ ಟ್ಯಾಂಕಿನಲ್ಲಿ ಮುಳುಗಿ ಕೂತಿರುತ್ತದೆ, ಇಲ್ಲವೇ ಉಪ್ಪುನೀರು ಹರಿಯುವ ಟ್ಯೂಬಾಗಿ ಬಾಳುತ್ತದೆ. ವಿಮಾನಕ್ಕೆ ಹೋಗುವುದು ಹೆಚ್ಚಾಗಿ ಅಲ್ಯೂಮಿನಿಯಂ, ವೆನೇಡಿಯಂ ಬೆರೆಸಿದ ಗ್ರೇಡ್ 5. ನಮ್ಮಂಥ ಫ್ಯಾಬ್ರಿಕೇಶನ್ ಶಾಪಿಗೆ ಬರುವುದು ಬೇರೆ ಲೋಹ ಬೆರೆಸದ ಕಮರ್ಷಿಯಲಿ ಪ್ಯೂರ್ ಟೈಟಾನಿಯಂ. ಶಾಪಿನಲ್ಲಿ ಸುಮ್ನೆ ಸಿಪಿ ಅನ್ನುತ್ತೇವೆ.

ಇವೆರಡನ್ನೂ ಒಂದೇ ಅಂದುಕೊಂಡು ಬರುವ ಗಿರಾಕಿಗಳು ಜಾಸ್ತಿ. "ಟೈಟಾನಿಯಂ ಅಂದ್ರೆ ಸ್ಟೀಲಿಗಿಂತ ಗಟ್ಟಿ ಅಲ್ವಾ?" ಅಂತ ಕೇಳುತ್ತಾರೆ. ಗ್ರೇಡ್ 5 ಹೌದು, ಅದರ ಯೀಲ್ಡ್ (ಲೋಹ ಶಾಶ್ವತವಾಗಿ ಆಕಾರ ಕೆಡಲು ಶುರುವಾಗುವ ಒತ್ತಡ) 830 ಮೆಗಾಪಾಸ್ಕಲ್ ಹತ್ತಿರ. ನಾವು ಬಳಸುವ ಗ್ರೇಡ್ 2ಕ್ಕೆ ಕನಿಷ್ಠ 275. ಮಾಮೂಲಿ ಸ್ಟ್ರಕ್ಚರಲ್ ಸ್ಟೀಲಿಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಬರೀ ಬಲ ಬೇಕು ಅನ್ನುವವರು ಸಿಪಿ ಕೊಂಡರೆ ದುಡ್ಡು ದಂಡ. ಇದನ್ನು ಕೊಳ್ಳುವುದು ಅದರ ಮೇಲ್ಮೈಗಾಗಿ. ಗಾಳಿ ಅಥವಾ ನೀರು ತಗುಲಿದ ಕ್ಷಣವೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕೂರುತ್ತದೆ. ಗೀರಿದರೆ ಅಲ್ಲೇ ಮತ್ತೆ ಬೆಳೆಯುತ್ತದೆ. ಕ್ಲೋರೈಡ್ ಇರುವ ನೀರು ಸ್ಟೇನ್‌ಲೆಸ್ ಸ್ಟೀಲಿನ ಇಂಥದೇ ಪದರವನ್ನು ಅಲ್ಲಲ್ಲಿ ಚುಚ್ಚಿ ತೂತು ಮಾಡುತ್ತದೆ. ಟೈಟಾನಿಯಂ ಮೇಲೆ ಆ ಆಟ ಸುಲಭವಾಗಿ ನಡೆಯುವುದಿಲ್ಲ.

ಇಲ್ಲಿ ಹೇಳಹೊರಟಿರುವ ಕೆಲಸವೂ ಹಾಗೇ ಬಂದದ್ದು. ನಿಕ್ಕಲ್ ಪ್ಲೇಟಿಂಗ್ ಟ್ಯಾಂಕೊಂದರಲ್ಲಿ ದ್ರಾವಣ ಬಿಸಿ ಮಾಡಲು 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬಿನ ಸುರುಳಿ, ಅಂದರೆ ಕಾಯಿಲ್ ಇತ್ತು. ಒಳಗೆ ಹಬೆ, ಹೊರಗೆ ನಿಕ್ಕಲ್ ಸಲ್ಫೇಟ್, ನಿಕ್ಕಲ್ ಕ್ಲೋರೈಡ್, ಬೋರಿಕ್ ಆ್ಯಸಿಡ್ ಸೇರಿದ ದ್ರಾವಣ. ಕಾಯಿಲ್ ಮೇಲೆ ಸೂಜಿಮೊನೆಯಷ್ಟು ತೂತುಗಳು. ಒಂದನ್ನು ವೆಲ್ಡ್ ಮಾಡಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು. ಟೈಟಾನಿಯಂ ಹಾಕೋಣ ಅಂತ ತೀರ್ಮಾನವಾಯಿತು.

ಆರ್ಡರ್ ಒಪ್ಪಿಕೊಳ್ಳುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ದ್ರಾವಣದಲ್ಲಿ ಫ್ಲೋರೈಡ್ ಇದೆಯಾ? ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಆ್ಯಸಿಡ್ ದ್ರಾವಣದಲ್ಲಿ ಸ್ವಲ್ಪ ಫ್ಲೋರೈಡ್ ಸೇರಿದರೂ ಆ ಆಕ್ಸೈಡ್ ಪದರ ಕರಗುತ್ತದೆ, ಹಿಂದೆಯೇ ಲೋಹವೂ. ಕ್ರೋಮ್ ಟ್ಯಾಂಕ್ ಆದರೆ ಇದನ್ನು ಇನ್ನೂ ಒತ್ತಿ ಕೇಳಬೇಕು. ಬರೀ ಕ್ರೋಮಿಕ್ ಆ್ಯಸಿಡ್ ಇದ್ದರೆ ಸಿಪಿ ಆರಾಮಾಗಿರುತ್ತದೆ, ಆದರೆ ಕೆಲವು ಕ್ರೋಮ್ ದ್ರಾವಣಗಳಿಗೆ ಫ್ಲೋರೈಡ್ ಕ್ಯಾಟಲಿಸ್ಟ್ ಹಾಕಿರುತ್ತಾರೆ. ಸಪ್ಲೈ ಮಾಡುವವರ ಕಾಗದದಲ್ಲಿ ಅದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಆಗದವು ಇನ್ನೂ ಇವೆ. ಆಕ್ಸಿಡೈಸ್ ಮಾಡುವ ಇನ್ನೊಂದು ವಸ್ತು ಜೊತೆಗಿಲ್ಲದ ಬಿಸಿ ಹೈಡ್ರೋಕ್ಲೋರಿಕ್ ಅಥವಾ ಸಲ್ಫ್ಯೂರಿಕ್ ಆ್ಯಸಿಡ್ ಇದನ್ನು ತಿನ್ನುತ್ತದೆ. ಕ್ಲೋರಿನ್ ವಿಷಯ ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಒದ್ದೆ ಕ್ಲೋರಿನ್ ಗ್ಯಾಸಿಗೆ ಟೈಟಾನಿಯಂನಷ್ಟು ಒಳ್ಳೆಯ ಲೋಹ ಸಿಗುವುದು ಕಷ್ಟ. ಅದೇ ಗ್ಯಾಸ್ ಪೂರ್ತಿ ಒಣಗಿದ್ದರೆ ಟೈಟಾನಿಯಂ ಹೊತ್ತಿ ಉರಿಯುತ್ತದೆ! ಪದರ ರಿಪೇರಿ ಆಗುವುದಕ್ಕೆ ಚೂರು ನೀರು ಬೇಕೇ ಬೇಕು. ನೀರಿಲ್ಲದ ಮೆಥನಾಲ್, ಕೆಂಪು ಹೊಗೆಯ ನೈಟ್ರಿಕ್ ಆ್ಯಸಿಡ್ ಇವುಗಳ ಹತ್ತಿರವೂ ಒಯ್ಯಬಾರದು.

ನಮ್ಮ ಟ್ಯಾಂಕಿನಲ್ಲಿ ಫ್ಲೋರೈಡ್ ಇರಲಿಲ್ಲ. ಮುಂದೆ ಗ್ರೇಡ್. ಸಿಪಿಯಲ್ಲಿ 1ರಿಂದ 4ರವರೆಗೆ ಇವೆ, ವ್ಯತ್ಯಾಸ ಮುಖ್ಯವಾಗಿ ಆಕ್ಸಿಜನ್ ಮತ್ತು ಕಬ್ಬಿಣದ್ದು. ಆಕ್ಸಿಜನ್ ಮಿತಿ ಗ್ರೇಡ್ 1ಕ್ಕೆ ಶೇಕಡಾ 0.18, 2ಕ್ಕೆ 0.25, 3ಕ್ಕೆ 0.35, 4ಕ್ಕೆ 0.40. ಇಷ್ಟು ಸಣ್ಣ ಅಂತರಕ್ಕೇ ಎಳೆತದ ಬಲ 240 ಮೆಗಾಪಾಸ್ಕಲ್‌ನಿಂದ 550ಕ್ಕೆ ಏರುತ್ತದೆ, ಬಾಗುವ ಗುಣ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನ ಅಲೆಅಲೆ ಹಾಳೆಗಳನ್ನು ಆಳವಾಗಿ ಒತ್ತಬೇಕು, ಅದಕ್ಕೆ ಗ್ರೇಡ್ 1. ಹಲ್ಲಿನ ಇಂಪ್ಲಾಂಟಿಗೆ ಗ್ರೇಡ್ 4 ಬಳಸುತ್ತಾರೆ. ಟ್ಯಾಂಕ್, ಪೈಪ್, ಕಾಯಿಲ್ ಅಂದರೆ ಕಣ್ಣುಮುಚ್ಚಿ ಗ್ರೇಡ್ 2. ಮಾಲು ಸುಲಭವಾಗಿ ಸಿಗುವುದೂ ಅದೇ.

ರೇಟ್ ನೋಡಿ ಗಿರಾಕಿ ಹೌಹಾರುವುದು ಇದ್ದದ್ದೇ. ನಾನು ಕಿಲೋ ಲೆಕ್ಕ ಬಿಟ್ಟು ಮೀಟರ್ ಲೆಕ್ಕದಲ್ಲಿ ಕೊಟೇಶನ್ ಕೊಡುತ್ತೇನೆ. ಟೈಟಾನಿಯಂ ಸಾಂದ್ರತೆ 4.51, ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 8. ಅದೇ ಟ್ಯೂಬ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಅಷ್ಟೇ. ಅದರ ಮೇಲೆ, ತುಕ್ಕಿಗೆ ಅಂತ ದಪ್ಪ ಸೇರಿಸಬೇಕಾಗಿಲ್ಲ. 25 ಮಿಲಿಮೀಟರ್ ಟ್ಯೂಬಿಗೆ 1.2 ಮಿಲಿಮೀಟರ್ ಗೋಡೆ ಸಾಕಾಯಿತು. ಶಾಖ ಸಾಗಿಸುವುದರಲ್ಲಿ ಟೈಟಾನಿಯಂ ಜಾಣನಲ್ಲ, ಆದರೆ 316 ಕೂಡ ಅಷ್ಟೇ ಮಂದ. ಎರಡೂ ಒಂದು ಡಿಗ್ರಿ ವ್ಯತ್ಯಾಸಕ್ಕೆ ಮೀಟರಿಗೆ 16–17 ವ್ಯಾಟ್ ಆಸುಪಾಸು. ಹಾಗಾಗಿ ಹಳೇ ಕಾಯಿಲ್‌ನಷ್ಟೇ ಉದ್ದ ಇಟ್ಟೆ.

ಮಾಲು ಬಂದಾಗ ಸರ್ಟಿಫಿಕೇಟ್ ನೋಡಿ ಸುಮ್ಮನಾಗಬಾರದು. ಒಂದು ತುಂಡನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿಯುತ್ತೇನೆ. ಸ್ಟೀಲ್ ಆದರೆ ಕಿಡಿ ಹಳದಿ, ಕಿತ್ತಳೆ. ಟೈಟಾನಿಯಂ ಕಿಡಿ ಕಣ್ಣು ಕುಕ್ಕುವ ಬಿಳಿ. ಇನ್ನೊಂದು ಉಪಾಯವೂ ಇದೆ. ಚೂಪು ಅಂಚನ್ನು ಗಾಜಿನ ಮೇಲೆ ಒತ್ತಿ ಎಳೆಯಿರಿ. ಗೀರಿನ ಬದಲು ಪೆನ್ಸಿಲಿನ ಹಾಗೆ ಬೂದು ಗೆರೆ ಮೂಡುತ್ತದೆ, ಒರೆಸಿದರೂ ಹೋಗುವುದಿಲ್ಲ. ಇದರಿಂದ ಗ್ರೇಡ್ ಗೊತ್ತಾಗುವುದಿಲ್ಲ, ಲೋಹ ಯಾವುದು ಅಂತ ಗೊತ್ತಾಗುತ್ತದೆ.

ಬಗ್ಗಿಸುವಾಗ ಎರಡು ಕಾಟ. ಸ್ಥಿತಿಸ್ಥಾಪಕ ಗುಣಾಂಕ 105 ಗಿಗಾಪಾಸ್ಕಲ್ ಆಸುಪಾಸು, ಸ್ಟೀಲಿನ ಅರ್ಧ. ಅಂದರೆ ಬಗ್ಗಿಸಿ ಬಿಟ್ಟ ಕೂಡಲೇ ಅದು ಚಿಮ್ಮಿ ವಾಪಸ್ ಬರುತ್ತದೆ. ಅದೇ ಲಾಟಿನ ತುಂಡಿನಲ್ಲಿ ಮೊದಲು ಬಗ್ಗಿಸಿ, ಎಷ್ಟು ಹಿಂದೆ ಬಂತು ಅಂತ ಅಳೆದು, ಅಷ್ಟು ಡಿಗ್ರಿ ಜಾಸ್ತಿ ಬಗ್ಗಿಸಬೇಕು. ಪುಸ್ತಕದ ಅಂಕಿ ನಂಬಿದರೆ ಕಾಯಿಲ್ ಟ್ಯಾಂಕಿನೊಳಗೆ ಕೂರುವುದಿಲ್ಲ. ಎರಡನೆಯದು ಅಂಟು. ಬಗ್ಗಿಸುವಾಗ ಟ್ಯೂಬಿನೊಳಗೆ ಇಡುವ ಸ್ಟೀಲ್ ಮ್ಯಾಂಡ್ರಲ್‌ಗೆ ಟೈಟಾನಿಯಂ ಕಚ್ಚಿಕೊಳ್ಳುತ್ತದೆ, ಒಳಮೈ ಕಿತ್ತುಬರುತ್ತದೆ. ಅಲ್ಯೂಮಿನಿಯಂ ಬ್ರಾಂಜ್ ಮ್ಯಾಂಡ್ರಲ್ ಹಾಕಿ, ಲೂಬ್ರಿಕೆಂಟ್ ಧಾರಾಳವಾಗಿ ಬಿಟ್ಟು, ನಿಧಾನವಾಗಿ ತಿರುಗಿಸಿದೆ. ಬಾಗು ಟ್ಯೂಬಿನ ವ್ಯಾಸದ ಮೂರು ಪಟ್ಟಿಗಿಂತ ಬಿಗಿ ಮಾಡಲಿಲ್ಲ.

ಇನ್ನು ವೆಲ್ಡಿಂಗ್. ಟೈಟಾನಿಯಂ ಕೆಲಸದ ಜೀವ ಇರುವುದು ಇಲ್ಲೇ.

ಟಿಗ್ (ಆರ್ಗಾನ್ ಗ್ಯಾಸಿನ ಹೊದಿಕೆಯಲ್ಲಿ ಆರ್ಕ್‌ನಿಂದ ಕರಗಿಸುವ ವೆಲ್ಡಿಂಗ್) ಟಾರ್ಚ್ ಹಿಡಿಯಲು ಬರುವವನಿಗೆ ಟೈಟಾನಿಯಂ ಕರಗಿಸುವುದು ಏನೇನೂ ಕಷ್ಟವಲ್ಲ. ಕರಗಿದ ಕೊಳ ಚೆನ್ನಾಗಿ ಹರಿಯುತ್ತದೆ. ಕಷ್ಟ ಇರುವುದು ಕರಗಿದ ಮೇಲೆ. ಸುಮಾರು 425 ಡಿಗ್ರಿಗಿಂತ ಬಿಸಿ ಇರುವಷ್ಟು ಹೊತ್ತೂ ಈ ಲೋಹ ಗಾಳಿಯ ಆಕ್ಸಿಜನ್, ನೈಟ್ರೋಜನ್ ಎರಡನ್ನೂ ಹೀರುತ್ತದೆ. ಹೀರಿದ್ದು ಮೇಲೆ ಪೊರೆಯಾಗಿ ನಿಲ್ಲದೆ ಒಳಕ್ಕೆ ಇಳಿಯುತ್ತದೆ. ಗ್ರೇಡ್ 1ಕ್ಕೂ 4ಕ್ಕೂ ಇರುವ ಆಕ್ಸಿಜನ್ ಅಂತರ ಎಷ್ಟು ಸಣ್ಣದು ಅಂತ ನೋಡಿದಿರಲ್ಲ? ಕೆಟ್ಟ ವೆಲ್ಡ್ ಅದನ್ನೂ ದಾಟಿ ಹೋಗುತ್ತದೆ. ನೋಡಲು ನೀಟಾಗಿರುತ್ತದೆ, ವೈಸಿಗೆ ಕಚ್ಚಿಸಿ ಬಗ್ಗಿಸಿದರೆ ಸೀಮೆಸುಣ್ಣದ ಹಾಗೆ ಟಕ್ ಅಂತ ಮುರಿಯುತ್ತದೆ.

ಹಾಗಾಗಿ ಗಾಳಿ ತಾಗದಂತೆ ಆರ್ಗಾನ್ ಮೂರು ಕಡೆಯಿಂದ ಬೇಕು. ಟಾರ್ಚಿನಲ್ಲಿ, ಅಗಲವಾದ ಕಪ್ ಮತ್ತು ಗ್ಯಾಸನ್ನು ಹದವಾಗಿ ಹರಿಸುವ ಗ್ಯಾಸ್ ಲೆನ್ಸ್ ಜೊತೆ. ಟಾರ್ಚಿನ ಹಿಂದೆ ಎಳೆದುಕೊಂಡು ಬರುವ ಟ್ರೇಲಿಂಗ್ ಶೀಲ್ಡಿನಲ್ಲಿ. ಮತ್ತು ಟ್ಯೂಬಿನ ಒಳಗೆ. ಟ್ರೇಲಿಂಗ್ ಶೀಲ್ಡನ್ನು ನಾನೇ ತಗಡಿನಲ್ಲಿ ಟ್ಯೂಬಿನ ದುಂಡಿಗೆ ಹೊಂದುವಂತೆ ಬಗ್ಗಿಸಿಕೊಂಡೆ. ಗ್ಯಾಸ್ ನುಗ್ಗದೆ ಮೆಲ್ಲಗೆ ಇಳಿಯಲಿ ಅಂತ ಒಳಗೆ ಸ್ಟೇನ್‌ಲೆಸ್ ಜಾಳಿಗೆ ತುಂಬಿದೆ. ಟ್ಯೂಬಿನೊಳಗೆ ಗ್ಯಾಸನ್ನು ತಗ್ಗಿನ ತುದಿಯಿಂದ ಬಿಟ್ಟು ಎತ್ತರದ ತುದಿಯಿಂದ ಹೊರಬಿಡಬೇಕು. ಆರ್ಗಾನ್ ಗಾಳಿಗಿಂತ ಭಾರ, ತಳದಿಂದ ತುಂಬುತ್ತಾ ಗಾಳಿಯನ್ನು ಮೇಲಕ್ಕೆ ದೂಡುತ್ತದೆ. ಹಳೇ ರಬ್ಬರ್ ಹೋಸ್ ಕಿತ್ತು ಹಾಕಿ ಪ್ಲಾಸ್ಟಿಕ್ ಹೋಸ್ ಹಾಕಿದೆ, ರಬ್ಬರ್ ತೇವ ಹೀರಿಕೊಂಡಿರುತ್ತದೆ. ಫ್ಯಾನ್ ಬಂದ್. ಸೆಖೆ ಅಂತ ಯಾರಾದರೂ ಬಾಗಿಲು ತೆಗೆದರೆ ನಾನು ಟಾರ್ಚ್ ಕೆಳಗಿಡುತ್ತೇನೆ.

ಆರ್ಕ್ ಆರಿಸಿದ ಮೇಲೆ ಟಾರ್ಚ್ ಎತ್ತುವ ಅಭ್ಯಾಸ ಸ್ಟೀಲ್ ವೆಲ್ಡರುಗಳಿಗೆ ರಕ್ತದಲ್ಲೇ ಇರುತ್ತದೆ. ಇಲ್ಲಿ ಹಾಗೇ ಹಿಡಿದು ಕಾಯಬೇಕು, ಗ್ಯಾಸ್ ಹರಿಯುತ್ತಲೇ ಇರಬೇಕು. ಫಿಲ್ಲರ್ ರಾಡಿನ ಬಿಸಿ ತುದಿಯೂ ಗ್ಯಾಸಿನ ಒಳಗೇ ಇರಬೇಕು. ಅಕಸ್ಮಾತ್ ಹೊರಗೆ ಬಂದು ಬಣ್ಣ ತಿರುಗಿದರೆ ಆ ತುದಿ ಕತ್ತರಿಸಿ ಎಸೆದು ಮುಂದಿನ ಹೊಲಿಗೆ ಶುರು ಮಾಡುವುದು.

ಬಣ್ಣವೇ ಇಲ್ಲಿ ಇನ್ಸ್‌ಪೆಕ್ಟರ್. ಹೊಳೆಯುವ ಬೆಳ್ಳಿ ಬಣ್ಣ ಇದ್ದರೆ ಒಳ್ಳೆಯದು. ತೆಳು ಹುಲ್ಲಿನ ಹಳದಿ ಇದ್ದರೆ ಒಪ್ಪಬಹುದು. ನೀಲಿ ಬಂತೆಂದರೆ ನಾನು ಕಿತ್ತುಹಾಕಿಸುತ್ತೇನೆ. ಬೂದು ಅಥವಾ ಬಿಳಿ ಪುಡಿ ಕಂಡರೆ ಚರ್ಚೆಯೇ ಇಲ್ಲ. ಆದರೆ ನೋಡುವುದಕ್ಕೆ ಮೊದಲು ಯಾರೂ ಬ್ರಶ್ ಮುಟ್ಟಕೂಡದು. ನೀಲಿಯನ್ನು ತಿಕ್ಕಿ ಬೆಳ್ಳಿ ಮಾಡುವುದು ಒಂದು ನಿಮಿಷದ ಕೆಲಸ, ಒಳಗೆ ಇಳಿದ ಆಕ್ಸಿಜನ್ ಅಲ್ಲೇ ಇರುತ್ತದೆ. ಬೆಳ್ಳಿ ಬಣ್ಣವೂ ಪೂರಾ ಗ್ಯಾರಂಟಿ ಅಲ್ಲ, ಅದಕ್ಕೇ ಕೆಲಸ ಶುರು ಮಾಡುವ ಮುಂಚೆ ಅದೇ ಗ್ಯಾಸ್, ಅದೇ ಸೆಟ್ಟಿಂಗಿನಲ್ಲಿ ಸ್ಕ್ರ್ಯಾಪ್ ತುಂಡೊಂದನ್ನು ವೆಲ್ಡ್ ಮಾಡಿ ಬಗ್ಗಿಸಿ ನೋಡುತ್ತೇನೆ.

ಕ್ಲೀನಿಂಗ್ ಬಗ್ಗೆ ನನಗೆ ಸ್ವಲ್ಪ ಹುಚ್ಚೇ ಇದೆ ಅನ್ನುತ್ತಾರೆ, ಇರಲಿ. ಟೈಟಾನಿಯಂ ಬೆಂಚ್ ಬೇರೆ, ಅದರ ಮೇಲೆ ಸ್ಟೀಲ್ ಕೆಲಸ ಇಲ್ಲ. ಸ್ಟೇನ್‌ಲೆಸ್ ಬ್ರಶ್ ಹೊಸದು, ಬೇರೆ ಯಾವುದಕ್ಕೂ ಮುಟ್ಟಿಸದ್ದು. ಅಸಿಟೋನಿನಲ್ಲಿ ಒರೆಸಿದ ಮೇಲೆ ಬರಿಗೈ ತಾಗಿಸುವ ಹಾಗಿಲ್ಲ. ಕಬ್ಬಿಣದ ಕಣ ಮೇಲ್ಮೈಯಲ್ಲಿ ಹುದುಗಿದರೆ ಬಿಸಿ ದ್ರಾವಣದಲ್ಲಿ ಅದು ಕರಗುತ್ತಾ ಹೈಡ್ರೋಜನ್ ಬಿಡುಗಡೆ ಆಗುತ್ತದೆ. ಆ ಹೈಡ್ರೋಜನ್ ಟೈಟಾನಿಯಂ ಒಳಗೆ ಸೇರಿ ಅಲ್ಲಿ ಪೆಡಸು ಮಾಡುತ್ತದೆ.

ಲೇತ್ ಕೆಲಸ ಸ್ವಲ್ಪವೇ ಇತ್ತು. ಸ್ಪೀಡ್ ಕಡಿಮೆ, ಫೀಡ್ ಜಾಸ್ತಿ, ಟೂಲ್ ಚೂಪು, ಕೂಲೆಂಟ್ ನಿಲ್ಲಬಾರದು. ಶಾಖ ಲೋಹದೊಳಗೆ ಹರಿದುಹೋಗದೆ ಟೂಲ್ ತುದಿಯಲ್ಲೇ ನಿಲ್ಲುತ್ತದೆ, ಹಾಗಾಗಿ ಟೂಲ್ ಒಂದೇ ಕಡೆ ಉಜ್ಜುತ್ತಾ ನಿಂತರೆ ಕೆಟ್ಟಿತು. ಸಣ್ಣ ಚಿಪ್ಸ್ ಮತ್ತು ಗ್ರೈಂಡಿಂಗ್ ಪುಡಿ ಹೊತ್ತಿಕೊಳ್ಳುತ್ತವೆ. ಹೊತ್ತಿದರೆ ನೀರು ಹಾಕಲೇಬಾರದು, ಉರಿಯುವ ಟೈಟಾನಿಯಂ ನೀರನ್ನು ಒಡೆದು ಹೈಡ್ರೋಜನ್ ಎಬ್ಬಿಸುತ್ತದೆ. ಒಣ ಮರಳಿನ ಬಕೆಟ್ ಲೇತ್ ಪಕ್ಕದಲ್ಲೇ ಇರಬೇಕು.

ಹಬೆ ಲೈನ್ ಕಾರ್ಬನ್ ಸ್ಟೀಲ್. ಟೈಟಾನಿಯಂನ್ನು ಸ್ಟೀಲಿಗೆ ನೇರ ವೆಲ್ಡ್ ಮಾಡಲು ಆಗುವುದಿಲ್ಲ, ನಡುವೆ ಹುಟ್ಟುವ ಸಂಯುಕ್ತ ಬಿರುಕು ಬಿಡುತ್ತದೆ. ಕಾಯಿಲ್ ತುದಿಗೆ ಟೈಟಾನಿಯಂ ಸ್ಟಬ್ ಎಂಡ್ (ಅಂಚು ಹೊರಚಾಚಿದ ಗಿಡ್ಡ ಪೈಪ್ ತುಂಡು) ಕೂರಿಸಿ, ಹಿಂದೆ ಸಡಿಲವಾದ ಸ್ಟೀಲ್ ಫ್ಲ್ಯಾಂಜ್ ಹಾಕಿದೆ. ದುಬಾರಿ ಲೋಹ ಬೇಕಾದಲ್ಲಿ ಮಾತ್ರ. ಈ ಜೋಡಣೆ ದ್ರಾವಣದ ಮಟ್ಟಕ್ಕಿಂತ ಮೇಲೆ ಬರುವಂತೆ ನೋಡಿಕೊಂಡೆ. ಲೈನಿನಲ್ಲಿ ವಿದ್ಯುತ್ ಹರಿಯದಂತೆ ಇನ್ಸುಲೇಟಿಂಗ್ ಜಾಯಿಂಟ್ ಕೂಡ ಬೇಕು. ಪ್ಲೇಟಿಂಗ್ ಟ್ಯಾಂಕಿನಲ್ಲಿ ಕರೆಂಟ್ ಓಡಾಡುತ್ತದೆ. ಕಾಯಿಲ್ ಅದರ ದಾರಿಯಾದರೆ ಒಂದು ಬದಿಗೆ ನಿಕ್ಕಲ್ ಕೂರುತ್ತದೆ. ಇನ್ನೊಂದು ಬದಿ ಆನೋಡ್ ಆದಂತೆ, ಅಂದರೆ ಕರೆಂಟ್ ಲೋಹದಿಂದ ದ್ರಾವಣಕ್ಕೆ ಇಳಿಯುವ ಕಡೆ. ಕ್ಲೋರೈಡ್ ಇರುವ ಕಡೆ ವೋಲ್ಟೇಜ್ 8–10 ದಾಟಿದರೆ ಅಲ್ಲಿ ಆಕ್ಸೈಡ್ ಪದರ ಒಡೆಯಬಹುದು.

ಇದೇ ಗುಣ ಬೇರೆ ಕಡೆ ವರ. ಪದರ ಒಡೆಯುವ ವೋಲ್ಟೇಜಿಗಿಂತ ಕೆಳಗೆ ಆನೋಡ್ ಆದ ಬರೀ ಟೈಟಾನಿಯಂ ಪದರ ಬೆಳೆಸಿಕೊಂಡು ಕರೆಂಟ್ ತಡೆಯುತ್ತದೆ. ಅದಕ್ಕೇ ಅಲ್ಯೂಮಿನಿಯಂ ಆನೊಡೈಸಿಂಗಿನಲ್ಲಿ (ಕರೆಂಟ್ ಹರಿಸಿ ಮೇಲೆ ಆಕ್ಸೈಡ್ ಪದರ ಬೆಳೆಸುವ ಕೆಲಸ) ವಸ್ತುವನ್ನು ಹಿಡಿಯುವ ಜಿಗ್‌ಗಳು ಟೈಟಾನಿಯಂನವು. ಕರೆಂಟ್ ಬಿಗಿಯಾಗಿ ಕಚ್ಚಿದ ಜಾಗದಲ್ಲಿ ಮಾತ್ರ ದಾಟುತ್ತದೆ, ಜಿಗ್ ತಾನು ಸವೆಯುವುದಿಲ್ಲ. ಮೇಲೆ ರುಥೇನಿಯಂ ಆಕ್ಸೈಡ್ ಲೇಪಿಸಿದರೆ ಅದೇ ಟೈಟಾನಿಯಂ ಕ್ಲೋರಿನ್ ತಯಾರಿಸುವ ಸೆಲ್ಲುಗಳ ಆನೋಡ್ ಆಗುತ್ತದೆ. ಉಪ್ಪುನೀರು ಸಿಹಿ ಮಾಡುವ ಘಟಕ, ಕಡಲತೀರದ ಪವರ್ ಪ್ಲಾಂಟಿನ ಕಂಡೆನ್ಸರ್ ಇವುಗಳಲ್ಲಿ ಅರ್ಧ ಮಿಲಿಮೀಟರ್ ಆಸುಪಾಸಿನ ಗೋಡೆಯ ಟ್ಯೂಬುಗಳು ಸಾಲಾಗಿ ಇರುತ್ತವೆ. ಹಿತ್ತಾಳೆ ಟ್ಯೂಬ್ ತೆಗೆದು ಇವನ್ನು ಹಾಕುವವರು ಒಂದು ನೆನಪಿಡಬೇಕು. ಗೋಡೆ ತೆಳು, ಹಗುರ, ಸಾಲದ್ದಕ್ಕೆ ಬಳುಕುವ ಗುಣ. ಹಳೇ ಸಪೋರ್ಟ್ ಅಂತರದಲ್ಲಿ ನಡುಗುತ್ತವೆ, ನಡುವೆ ಆಸರೆ ಸೇರಿಸಬೇಕು. ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ಮ್ಯೂಸಿಯಂ ಹೊದಿಕೆಯೂ ಟೈಟಾನಿಯಂ ಹಾಳೆಯೇ, ದಪ್ಪ 0.38 ಮಿಲಿಮೀಟರ್. ಬಣ್ಣ ಬಳಿಯುವ ಖರ್ಚು ಉಳಿಯಿತು, ಪಾಪ ಪೇಂಟರ್‌ಗಳಿಗೆ ನಷ್ಟ.

ಕಾಯಿಲ್‌ಗೆ ವಾಪಸ್ ಬರೋಣ. ಸಿಪಿಯ ನಿಜವಾದ ದೌರ್ಬಲ್ಯ ಸಂದು. ಗ್ಯಾಸ್ಕೆಟ್ ಕೆಳಗೆ, ಕ್ಲಾಂಪ್ ಕೆಳಗೆ, ಗಟ್ಟಿಯಾದ ಕೆಸರಿನ ಕೆಳಗೆ ಕ್ಲೋರೈಡ್ ದ್ರಾವಣ ಸಿಕ್ಕಿಕೊಂಡು, ಅಲ್ಲಿ ಉಷ್ಣತೆ 70–80 ಡಿಗ್ರಿ ದಾಟಿದರೆ ಗ್ರೇಡ್ 2 ಕೂಡ ಕೊರೆದು ಹೋಗಬಹುದು. "ನಮ್ಮ ದ್ರಾವಣ ಬರೀ 60 ಡಿಗ್ರಿ" ಅಂತ ಪ್ಲೇಟಿಂಗ್‌ನವರು ಹೇಳುತ್ತಾರೆ. ದ್ರಾವಣ 60 ಇರಬಹುದು, ಟ್ಯೂಬಿನೊಳಗಿನ ಹಬೆ 120ಕ್ಕೂ ಮೇಲೆ. ಕ್ಲಾಂಪ್ ಕೆಳಗೆ ನಿಂತ ದ್ರಾವಣಕ್ಕೆ ತಾಗುವುದು ಟ್ಯೂಬಿನ ಬಿಸಿ. ಅದಕ್ಕೆ ಕ್ಲಾಂಪ್ ಕೈಬಿಟ್ಟು ಟೈಟಾನಿಯಂ ಪಟ್ಟಿಗಳನ್ನೇ ಟ್ಯೂಬಿಗೆ ಸುತ್ತ ಸಂದಿಲ್ಲದಂತೆ ವೆಲ್ಡ್ ಮಾಡಿ ಕಾಲು ಕೊಟ್ಟೆ. ಕಾಯಿಲ್ ತಳದಿಂದ ಒಂದು ಗೇಣು ಎತ್ತರ ನಿಲ್ಲಿಸಿದೆ, ಕೆಸರು ಮುಟ್ಟದಿರಲಿ ಅಂತ.

ಇನ್ನೂ ಬಿಸಿಯಾದ, ಇನ್ನೂ ಆ್ಯಸಿಡ್ ಜಾಸ್ತಿ ಇರುವ ಕಡೆ ಗ್ರೇಡ್ 7 ಇದೆ. ಗ್ರೇಡ್ 2ಕ್ಕೇ ಶೇಕಡಾ 0.12ರಿಂದ 0.25ರಷ್ಟು ಪಲ್ಲಾಡಿಯಂ ಸೇರಿಸಿದ್ದು. ಸಂದಿನ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಬೆಲೆ ಮಾತ್ರ ಕೇಳಬೇಡಿ. ಇಡೀ ಪಾತ್ರೆಯನ್ನು ಅದರಲ್ಲಿ ಮಾಡಬೇಕಾಗಿಲ್ಲ. ಗ್ಯಾಸ್ಕೆಟ್ ಕೂರುವ ಮುಖಗಳಷ್ಟಕ್ಕೆ ಗ್ರೇಡ್ 7, ಉಳಿದದ್ದು ಗ್ರೇಡ್ 2 ಇಟ್ಟರೆ ಬಹಳ ಕಡೆ ನಡೆಯುತ್ತದೆ. ಈ ಕಾಯಿಲ್‌ಗೆ ಅದೂ ಬೇಕಾಗಲಿಲ್ಲ. ನೀರಿನ ಒತ್ತಡದ ಟೆಸ್ಟ್ ಮುಗಿಸಿ ಇಳಿಸಿದೆವು. ಈಗ ಟ್ಯಾಂಕ್ ಖಾಲಿ ಮಾಡಿದಾಗಲೆಲ್ಲ ಪಟ್ಟಿಗಳ ಬುಡ ಮತ್ತು ಇನ್ಸುಲೇಟಿಂಗ್ ಜಾಯಿಂಟ್ ನೋಡುತ್ತೇನೆ. ಟ್ಯೂಬಿನ ಮೈ ನೋಡುವುದು ಬಿಟ್ಟಿದ್ದೇನೆ, ಅಲ್ಲಿ ನೋಡುವಂಥದ್ದೇನೂ ಇರುವುದಿಲ್ಲ.