ನೆಂಟರು ಬಂದಾಗ ಅಡಿಗೆಮನೆಯಲ್ಲೇ ಉಳಿಯಬೇಡಿ

ಕಾಸರಗೋಡಿನವರ ರಜೆಯ ಲೆಕ್ಕವೇ ಬೇರೆ. ನಮ್ಮ ಮಕ್ಕಳದ್ದು ಕೇರಳದ ಶಾಲೆ, ಅವರಿಗೆ ಓಣಂ ಪರೀಕ್ಷೆ ಮುಗಿದ ಮೇಲೆ ಹತ್ತು ದಿನ ರಜೆ, ಕ್ರಿಸ್‌ಮಸ್ ಹೊತ್ತಿಗೆ ಮತ್ತೆ ಹತ್ತು ದಿನ. ಮಂಗಳೂರು, ಪುತ್ತೂರು, ಬೆಂಗಳೂರಿನ ಮಕ್ಕಳಿಗೆ ಉದ್ದ ರಜೆ ಸಿಗುವುದು ದಸರಾಕ್ಕೆ. ಅವರು ಬರುತ್ತೇವೆ ಅನ್ನುವಾಗ ಇಲ್ಲಿನ ಮಕ್ಕಳು ಚೀಲ ಹೊತ್ತು ಶಾಲೆಗೆ ಹೊರಟಿರುತ್ತಾರೆ, ನಾವು ಹೋಗೋಣ ಅಂದರೆ ಅಲ್ಲಿ ಶಾಲೆ ಇರುತ್ತದೆ. ಗಡಿ ಅಂದರೆ ಇದೇ ನೋಡಿ, ತಲಪಾಡಿಯ ಗೇಟಿಗಿಂತ ಜಾಸ್ತಿ ಈ ಕ್ಯಾಲೆಂಡರ್ ನಮ್ಮನ್ನು ದೂರ ಮಾಡಿದೆ. ಹಾಗಾಗಿ ಎಲ್ಲರೂ ಒಟ್ಟಿಗೆ ಸೇರುವುದು ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ. ನಮ್ಮ ಹೊಸವರ್ಷದ ಬಿಸು ಕಣಿಗೆ ಒಂದಷ್ಟು ಜನ, ಮದುವೆ ಉಪನಯನ ಅಂತ ಇನ್ನೊಂದಷ್ಟು ಜನ, ಮಕ್ಕಳನ್ನು ಬಿಟ್ಟುಹೋಗಲು ಬಂದವರು ಬೇರೆ. ಅದೇ ಹೊತ್ತಿಗೆ ಬಾವಿಯಲ್ಲಿ ನೀರು ತಳ ಹಿಡಿದಿರುತ್ತದೆ, ಸಂಜೆ ಗುಡುಗಿದ ಕೂಡಲೇ ಕರೆಂಟು ಹೋಗುತ್ತದೆ, ಹಪ್ಪಳದ ಕೆಲಸವೂ ಆಗಲೇ ಮುಗಿಯಬೇಕು.

ನನ್ನ ಮಾತು ಇಷ್ಟೇ. ನೆಂಟರು ಹೊರಟು ನಿಂತಾಗ "ಅಯ್ಯೋ, ನಿಮ್ಮ ಹತ್ತಿರ ಕೂತು ಮಾತಾಡಲೇ ಇಲ್ಲ" ಅಂತ ಮನೆಯ ಹೆಂಗಸು ಹೇಳುವ ಹಾಗೆ ಆಗಬಾರದು. ಎಷ್ಟು ಬಗೆ ಮಾಡಿ ಬಡಿಸಿದೆ ಅನ್ನುವುದು ಮುಖ್ಯ ಅಲ್ಲ. ನೀವೂ ಜಗಲಿಗೆ ಬಂದು ಕೂರಬೇಕು.

ಅದಕ್ಕೆ ಅವರು ಬರುವ ಮೊದಲೇ ಒಂದು ಫೋನು ಮಾಡಿ. "ಯಾವಾಗ ಬರ್ತೀರಿ" ಅಂತ ಕೇಳಿದರೆ ಸಾಲದು, ಬಸ್ಸಲ್ಲೋ ರೈಲಲ್ಲೋ ಅಂತಲೂ ಕೇಳಿ. ಬೆಂಗಳೂರಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲಲ್ಲಿ ಬಂದರೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇಲ್ಲಿರುತ್ತಾರೆ, ಸ್ನಾನಕ್ಕೆ ಬಿಸಿನೀರು ಬೇಕಾಗುತ್ತದೆ. ಕಾರಲ್ಲಿ ಬರುವವರು ದಾರಿಯಲ್ಲಿ ಎಲ್ಲೋ ಹೊಟ್ಟೆ ತುಂಬಾ ತಿಂದು ಬರುತ್ತಾರೆ, ಅವರಿಗಾಗಿ ಇಡ್ಲಿ ಬೇಯಿಸಿಟ್ಟು ಕಾಯುವುದು ಸುಮ್ನೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹೊತ್ತಿಗೆ ಸರಿಯಾಗಿ ಊಟ ಮಾಡಿ ಗುಳಿಗೆ ನುಂಗಬೇಕು, ಯಾರಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ, ಇದನ್ನೂ ಆಗಲೇ ತಿಳಿದುಕೊಳ್ಳಿ. ಎಲ್ಲರೆದುರು ಕೇಳಿದರೆ ಕೆಲವರಿಗೆ ಸಂಕೋಚ ಆಗುತ್ತದೆ.

ನೀರಿನ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಒಳ್ಳೆಯ ಸುರಂಗ ಇರುವ ಮನೆಯವರು ಪುಣ್ಯವಂತರು, ಗುಡ್ಡದ ಒಳಗಿಂದ ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತದೆ, ಆದರೂ ಮೇ ಕೊನೆಗೆ ಅದು ಕೂಡ ನೂಲಿನಷ್ಟು ಸಪೂರ ಆಗಿಬಿಡುತ್ತದೆ. ಬಾವಿ ನಂಬಿದವರ ಪಾಡು ಕೇಳುವುದೇ ಬೇಡ. ಬಂದವರಿಗೆ ಮೊದಲ ದಿನವೇ ನಗುತ್ತಾ ಹೇಳಿಬಿಡಿ, "ಇಲ್ಲಿ ಬೇಸಗೆಯಲ್ಲಿ ಬಾಲ್ದಿ ಸ್ನಾನ, ಶವರ್ ಮಳೆಗಾಲದಲ್ಲಿ." ಬಚ್ಚಲಲ್ಲಿ ತುಂಬಿದ ಬಾಲ್ದಿ, ಚೆಂಬು ಇಟ್ಟು, ಶವರಿನ ವಾಲ್ವ್ ಹಿಂದಿನಿಂದ ಕಟ್ಟಿಬಿಡಿ, ಆಗ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ. ಪಂಪು ಹಾಕುವುದು ಬೆಳಿಗ್ಗೆಯೇ ಮುಗಿಸಿ. ಸಂಜೆಗೆ ಅಂತ ಇಟ್ಟುಕೊಂಡರೆ ಮಿಂಚು ಬರುತ್ತದೆ, ಕರೆಂಟು ಹೋಗುತ್ತದೆ, ಮನೆ ತುಂಬಾ ಜನ, ಟ್ಯಾಂಕ್ ಖಾಲಿ. ಊಟಕ್ಕೆ ಬಾಳೆಲೆ ಹಾಕಿ. ತಟ್ಟೆ ತೊಳೆಯುವ ನೀರೂ ಉಳಿಯಿತು, ತೊಳೆಯುವವಳ ಸೊಂಟವೂ ಉಳಿಯಿತು.

ಬಂದ ಕೂಡಲೇ "ಕಾಫಿಯಾ, ಚಹಾವಾ, ಜ್ಯೂಸಾ" ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಆರು ಜನಕ್ಕೆ ಆರು ಬಗೆ ಆಗುತ್ತದೆ. ಹಿಂದಿನವರು ಬೆಲ್ಲದ ತುಂಡು, ಒಂದು ಚೆಂಬು ನೀರು ತಂದಿಡುತ್ತಿದ್ದರಲ್ಲ, ಅದನ್ನೇ ಮಾಡಿ. ಬಿಸಿಲಲ್ಲಿ ಬಂದವರಿಗೆ ಅದಕ್ಕಿಂತ ಹಿತ ಇನ್ನೊಂದಿಲ್ಲ. ಜೊತೆಗೆ ಒಂದು ದೊಡ್ಡ ಪಾತ್ರೆ ಪುನರ್ಪುಳಿ (ಕೋಕಂ) ಪಾನಕ ಮಾಡಿಟ್ಟರೆ ಸಾಕು. ಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ ಹಿಂಡಿದರೆ ಒಳ್ಳೆ ಬಣ್ಣ ಬಿಡುತ್ತದೆ. ಸಿಹಿ ಹಾಕದೆ ಉಪ್ಪು, ಜೀರಿಗೆ ಪುಡಿ ಹಾಕಿದ್ದನ್ನು ಬೇರೆ ಚೊಂಬಲ್ಲಿ ಇಡಿ, ಸಕ್ಕರೆ ಕಾಯಿಲೆಯವರು ಯಾರನ್ನೂ ಕೇಳದೆ ಬಗ್ಗಿಸಿಕೊಂಡು ಕುಡಿಯುತ್ತಾರೆ.

ಇನ್ನು ತಿಂಡಿ. ನೆಂಟರು ಅಂದರೆ ನೀರುದೋಸೆ ಅಂತ ಎಲ್ಲರ ಬಾಯಲ್ಲೂ ಬರುತ್ತದೆ. ಹಿಟ್ಟು ಹುಳಿ ಬರಬೇಕಾಗಿಲ್ಲ, ಬೆಳ್ತಿಗೆ (ಬಿಳಿ) ಅಕ್ಕಿ ಮೂರು ನಾಲ್ಕು ಗಂಟೆ ನೆನೆದರೆ ಆಯಿತು, ಹಾಗಾಗಿ ಹೇಳದೆ ಬಂದ ನಾಲ್ಕು ಜನಕ್ಕೆ ಅದೇ ಸರಿ. ಆದರೆ ಹದಿನೈದು ಜನಕ್ಕೆ ನೀರುದೋಸೆ ಮಾಡಲು ಹೊರಟರೆ ಒಬ್ಬಳು ಕಾವಲಿ ಮುಂದೆ ನಿಂತೇ ಇರಬೇಕು, ಉಳಿದವರು ತಿಂದು ಕೈ ತೊಳೆದು ಮಾತು ಶುರು ಮಾಡಿರುತ್ತಾರೆ, ಅವಳ ಪಾಲಿಗೆ ಕೊನೆಯ ಎರಡು ಹರಿದ ದೋಸೆ. ಜನ ಜಾಸ್ತಿ ಇದ್ದರೆ ಹಬೆಯಲ್ಲಿ ಬೇಯುವ ತಿಂಡಿಯೇ ಮಾಡಿ. ಹಿಟ್ಟನ್ನು ಬಾಳೆಲೆಯಲ್ಲಿ ಮಡಚಿ ಬೇಯಿಸುವ ಕೊಟ್ಟಿಗೆ ಹಿಂದಿನ ರಾತ್ರಿಯೇ ಕಟ್ಟಿ ಬೇಯಿಸಿಡಬಹುದು. ಹಲಸಿನ ಹಣ್ಣಿನ ಕೊಟ್ಟಿಗೆಯಂತೂ ಮರುದಿನಕ್ಕೇ ರುಚಿ.

ಅದರ ಲೆಕ್ಕ ಹೇಳಿಬಿಡುತ್ತೇನೆ. ಒಂದು ಪಾವು ಬೆಳ್ತಿಗೆ ಅಕ್ಕಿಗೆ ಕೊಚ್ಚಿದ ಹಣ್ಣು ಎರಡು ಪಾವು. ಅಕ್ಕಿ ಎರಡು ಮೂರು ಗಂಟೆ ನೆನೆದ ಮೇಲೆ ನೀರು ಪೂರ್ತಿ ಬಸಿಯಬೇಕು. ರುಬ್ಬುವಾಗ ನೀರು ಹಾಕಲೇಬಾರದು, ಹಣ್ಣಿನಲ್ಲೇ ಬೇಕಾದಷ್ಟು ನೀರಿದೆ. ಬೆಲ್ಲ ಹಾಕುವ ಮುಂಚೆ ಹಣ್ಣಿನ ಸಿಹಿ ನೋಡಿ. ಉಪ್ಪು ಒಂದು ಚಿಟಿಕೆ, ತೆಂಗಿನಕಾಯಿ ಹೋಳು ಒಂದು ಹಿಡಿ. ಹಿಟ್ಟು ತರಿತರಿಯಾಗಿ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಲಿ. ನೀರಾಯಿತು ಅಂತ ಕಂಡರೆ ಹುರಿದ ಅಕ್ಕಿ ತರಿ ಸೇರಿಸಿ ಸ್ವಲ್ಪ ಹೊತ್ತು ಬಿಡಿ. ಬಾಡಿಸಿದ ಬಾಳೆಲೆಯಲ್ಲಿ ಮಡಚಿ ಒಂದು ಗಂಟೆ ಬೇಯಿಸಿ. ಸಾಗುವಾನಿ ಎಲೆ ಸಿಕ್ಕಿದರೆ ಕೆಂಪು ಬಣ್ಣವೂ ಬರುತ್ತದೆ. ಬೆಳಿಗ್ಗೆ ತುಪ್ಪ ಹಾಕಿ ಕೊಟ್ಟರೆ ಆಯಿತು, ಚಟ್ನಿಯ ತಾಪತ್ರಯವೂ ಇಲ್ಲ.

ಶ್ಯಾವಿಗೆ ಒತ್ತುವ ದಿನ ಭಾವಂದಿರನ್ನು ಕರೆಯಿರಿ. ಗಂಡಸರ ತೋಳಿಗೂ ಒಂದು ಉಪಯೋಗ ಬೇಕಲ್ವಾ? ಒತ್ತುವವರು ಒಬ್ಬರು, ಬಾಳೆಲೆ ತುಂಡು ಹಿಡಿಯುವವರು ಒಬ್ಬರು, ಕಾಯಿಹಾಲು ಕದಡುವವರು ಒಬ್ಬರು ಇದ್ದರೆ ಅಲ್ಲೇ ಮಾತು ನಗೆ ಎಲ್ಲ ಆಗುತ್ತದೆ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಗಂಜಿ ಕೊಡುವುದು ಹೇಗೆ ಅಂತ ಸಂಕೋಚ ಪಡಬೇಡಿ. ಪೇಟೆಯಲ್ಲಿರುವವರು ಅದಕ್ಕೇ ಕಾಯುತ್ತಿರುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೆ.

ಬಡಿಸುವಾಗ ಒತ್ತಾಯ ಮಾಡುವುದು ನಮ್ಮ ಕಡೆಯ ಅಭ್ಯಾಸ. ಎಲೆ ಮೇಲೆ ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಹೋಳಿಗೆ ಹಾಕುವ ಅತ್ತಿಗೆಯರು ಈಗಲೂ ಇದ್ದಾರೆ. ಅದನ್ನು ಬಿಡುವ ಕಾಲ ಬಂದಿದೆ. ಎರಡು ಸಲ ಕೇಳಿ, ಬೇಡ ಅಂದರೆ ಮುಂದೆ ಹೋಗಿ. ಅರುವತ್ತು ದಾಟಿದವರಲ್ಲಿ ಎಷ್ಟೋ ಜನ ಗುಳಿಗೆಯ ಮೇಲೆ ಇದ್ದಾರೆ, ನಿಮ್ಮ ಪ್ರೀತಿ ಅವರ ಸಕ್ಕರೆ ಏರಿಸುವುದು ಬೇಡ.

ಹಪ್ಪಳದ ಕೆಲಸವನ್ನು ನೆಂಟರು ಹೋದ ಮೇಲೆ ಮಾಡೋಣ ಅಂತ ತೆಗೆದಿಡುವವರಿದ್ದಾರೆ. ನಾನು ಅವರು ಇರುವಾಗಲೇ ಮಾಡಿ ಅನ್ನುತ್ತೇನೆ. ಎಷ್ಟು ಕೈ ಇದ್ದರೂ ಸಾಲದ ಕೆಲಸ ಅದು. ಹಲಸಿನ ಕಾಯಿ ಚೆನ್ನಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ಸಿಹಿ ಬಂದ ಸೊಳೆಯ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿಬಿಡುತ್ತದೆ. ಹಿಂದಿನ ಸಂಜೆಯೇ ಕಾಯಿ ತುಂಡು ಮಾಡಿ, ಎಲ್ಲರೂ ಜಗಲಿಯಲ್ಲಿ ಕೂತು ಸೊಳೆ ಬಿಡಿಸಿ. ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿಕೊಂಡರೆ ಮೇಣ ಹಿಡಿಯುವುದಿಲ್ಲ. ಕೆಳಗೆ ಹಳೇ ಗೋಣಿ ಹಾಸಿ, ಬಂದವರಿಗೆ ನಿಮ್ಮ ಹಳೇ ಬಟ್ಟೆ ಕೊಡಿ. ಬೆಂಗಳೂರಿನ ಒಳ್ಳೆ ಚೂಡಿದಾರಕ್ಕೆ ಮೇಣ ತಾಗಿದರೆ ಮತ್ತೆ ಹೋಗುವುದು ಕಷ್ಟ.

ಮರುದಿನ ಬೇಗ ಎದ್ದು ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ ಹಾಕಿ ಗುದ್ದಿ. ಆರಿದರೆ ಗಂಟು ಗಂಟಾಗುತ್ತದೆ. ಅಲ್ಲಿಂದ ಮುಂದೆ ಒಬ್ಬರು ಉಂಡೆ ಕಟ್ಟಬೇಕು, ಒಬ್ಬರು ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಬೇಕು, ಮಕ್ಕಳು ಓಡಿ ಓಡಿ ಚಾಪೆಯಲ್ಲಿ ಹಾಕಬೇಕು. ಬಿಸಿಲು ಏರುವುದರೊಳಗೆ ಎಲ್ಲ ಚಾಪೆಗೆ ಬಿದ್ದಿದ್ದರೆ ಅದೇ ದಿನ ಒಂದು ಮಗ್ಗುಲು ಒಣಗುತ್ತದೆ. ಮೇ ತಿಂಗಳಲ್ಲಿ ಮೂರು ಗಂಟೆ ಆದ ಮೇಲೆ ಮೂಡು ದಿಕ್ಕಿನ ಮೋಡದ ಮೇಲೆ ಒಂದು ಕಣ್ಣಿರಲಿ. ಎರಡು ಮೂರು ಒಳ್ಳೆ ಬಿಸಿಲು ಸಿಕ್ಕಿದ ಮೇಲೆ, ಆರಿದ ನಂತರವೇ ಡಬ್ಬಕ್ಕೆ ತುಂಬಿ. ಬೀಜ ಬಿಸಾಡಬೇಡಿ, ಕೆಮ್ಮಣ್ಣು ಸವರಿ ಒಣಗಿಸಿಟ್ಟರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸಾಂಬಾರಿಗೆ ಆಗುತ್ತದೆ.

ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಂಡು ಬೈದರೆ ಏನೂ ಆಗುವುದಿಲ್ಲ, ಕೈಗೆ ಇನ್ನೊಂದು ಕೆಲಸ ಕೊಡಬೇಕು. ಹಪ್ಪಳದ ಕಾಗೆ ಓಡಿಸುವುದು, ತೋಟದಲ್ಲಿ ಗೇರುಬೀಜ ಹೆಕ್ಕುವುದು. ಹೆಕ್ಕಿದ ಗೇರುಬೀಜ ಮಾರಿದ ದುಡ್ಡು ಅವರಿಗೇ ಅಂತ ಹೇಳಿ ನೋಡಿ, ಊಟಕ್ಕೆ ಕರೆದರೂ ಬರುವುದಿಲ್ಲ. ಹಸಿ ಗೇರುಬೀಜ ಕಚ್ಚಬಾರದು, ಅದರ ಸೊನೆ ಬಾಯಿ ಸುಡುತ್ತದೆ ಅಂತ ಪೇಟೆಯ ಮಕ್ಕಳಿಗೆ ಮೊದಲೇ ಹೇಳಿಡಿ.

ಒಂದು ದಿನ ಹೊರಗೆ ಕರೆದುಕೊಂಡು ಹೋಗಲೇಬೇಕಾಗುತ್ತದೆ. ಬೆಳಿಗ್ಗೆ ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನ, ಅಲ್ಲಿಂದ ಮಧೂರು ಗಣಪತಿ ದೇವಸ್ಥಾನ, ಮಧ್ಯಾಹ್ನ ಮನೆಗೆ ಬಂದು ಮಲಗಿ, ಬಿಸಿಲು ಇಳಿದ ಮೇಲೆ ಬೇಕಲ ಕೋಟೆ. ಒಂದೇ ಉಸಿರಿಗೆ ಎಲ್ಲ ತೋರಿಸಲು ಹೋಗಬೇಡಿ. ಬೇಕಲದಲ್ಲಿ ಒಳಗೆ ನೆರಳು ಕಮ್ಮಿ, ಬರೀ ಮುರಕಲ್ಲು, ಹಾಗಾಗಿ ಕೊಡೆ, ನೀರು ಇರಲಿ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು, ಈಗಲೂ ಮಕ್ಕಳು ಅದನ್ನೇ ಕೇಳುತ್ತಾರೆ. ಮಧೂರಿನಲ್ಲಿ ಅಪ್ಪ ಪ್ರಸಾದ ಬೇಕಿದ್ದರೆ ಮೊದಲೇ ವಿಚಾರಿಸಿಕೊಳ್ಳಿ.

ನೆರೆಕರೆಯವರನ್ನು ಮರೆಯಬೇಡಿ. ನಮ್ಮಲ್ಲಿ ಒಂದು ಬೇಲಿಯಾಚೆ ತುಳು, ಇನ್ನೊಂದು ಬೇಲಿಯಾಚೆ ಮಲಯಾಳ, ಕೆಳಗಿನ ಮನೆಯಲ್ಲಿ ಬ್ಯಾರಿ. ಓಣಂಗೆ ಅವರ ಪಾಯಸ ಬರುತ್ತದೆ, ಪೆರ್ನಾಳಿಗೆ (ಈದ್ ಹಬ್ಬಕ್ಕೆ) ಇನ್ನೊಬ್ಬರು ಹಣ್ಣು ಕಳಿಸುತ್ತಾರೆ. ಬಂದ ಪಾತ್ರೆ ಖಾಲಿ ವಾಪಸ್ ಹೋಗಬಾರದು, ಏನೂ ಇಲ್ಲದಿದ್ದರೆ ನಾಲ್ಕು ಬಸಳೆ ದಂಟಾದರೂ ಇಡಿ. ನಿಮ್ಮ ಮನೆಗೆ ಬಂದ ನೆಂಟರನ್ನು ಒಂದು ಸಂಜೆ ಆ ಮನೆಗಳಿಗೂ ಕರೆದುಕೊಂಡು ಹೋಗಿ. ಮದುವೆ ಉಪನಯನದಂಥ ಜಂಬರ ಇದ್ದರೆ ವಾಟ್ಸಾಪಿನಲ್ಲಿ ಕಾಗದ ಕಳಿಸಿ ಸುಮ್ಮನಾಗಬೇಡಿ. ಹಿರಿಯರಿದ್ದಲ್ಲಿಗೆ ಹೋಗಿ ಹೇಳಿ, ದೂರ ಇದ್ದರೆ ಫೋನಲ್ಲಾದರೂ ಬಾಯಾರೆ ಹೇಳಿಕೆ ಕೊಡಿ. ಹಿಂದಿನ ರಾತ್ರಿ ಮೇಲಾರಕ್ಕೆ (ಮಜ್ಜಿಗೆ ಹುಳಿಗೆ) ತರಕಾರಿ ಕೊರೆಯಲು ನಾಲ್ಕು ಜನ ಕತ್ತಿ ಮಣೆ ಹಿಡಿದು ಬರುವುದು ಹಾಗೆ ಹೇಳಿದ ಮನೆಗೆ.

ನೀವೇ ನೆಂಟರಾಗಿ ಹೋಗುವಾಗಲೂ ಸ್ವಲ್ಪ ಯೋಚನೆ ಮಾಡಿ. ಬರುವ ದಿನದ ಜೊತೆ ಹೋಗುವ ದಿನವನ್ನೂ ಹೇಳಿ. ಹೊದಿಕೆ, ಮೈ ಒರೆಸುವ ಬೈರಾಸು ನಿಮ್ಮದೇ ಇರಲಿ, ಒಗೆಯುವವರಿಗೆ ಹಗುರ. ಸಿಹಿಯ ಪೊಟ್ಟಣಗಳ ಬದಲು ತರಕಾರಿ ತನ್ನಿ. ಬೇಸಗೆಯಲ್ಲಿ ಹಳ್ಳಿಮನೆಯಲ್ಲಿ ಹಲಸು, ಸೌತೆ ಬಿಟ್ಟರೆ ಬೇರೆ ತರಕಾರಿ ಕಮ್ಮಿ, ಒಂದು ಕಿಲೋ ಬೀನ್ಸ್, ಕ್ಯಾರೆಟ್ ಕಂಡರೆ ಅತ್ತೆಗೆ ಬಹಳ ಖುಷಿ. ಒಂದು ಮಗುವಿಗೆ ಆಟಿಕೆ ತಂದರೆ ಮನೆಯ ಎಲ್ಲ ಮಕ್ಕಳಿಗೂ ತನ್ನಿ, ಇಲ್ಲದಿದ್ದರೆ ಯಾರಿಗೂ ತರಬೇಡಿ.

ಹೊರಡುವ ದಿನದ ಗಂಟು ಹಿಂದಿನ ರಾತ್ರಿಯೇ ಕಟ್ಟಿಡಿ. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳದ ಕೆಳಗೆ ದಪ್ಪ ಪ್ಲಾಸ್ಟಿಕ್ ತುಂಡು ಇಟ್ಟು ಬಿಗಿದು, ಮೇಲಿಂದ ಎರಡು ಕವರು ಹಾಕಿ, ಬಟ್ಟೆ ತುಂಬಿದ ಚೀಲಕ್ಕೆ ಮಾತ್ರ ಹಾಕಬೇಡಿ. ಹಪ್ಪಳ ಸ್ಟೀಲ್ ಡಬ್ಬದಲ್ಲಿ, ಡಬ್ಬ ಮುಂದಿನ ರಜೆಗೆ ವಾಪಸ್ ಬರಬೇಕು ಅಂತ ಹೇಳಿಯೇ ಕೊಡಿ. ತೆಂಗಿನಕಾಯಿಯ ಸಿಪ್ಪೆ ಸುಲಿದು, ಜುಟ್ಟು ಉಳಿಸಿ ಕೊಟ್ಟರೆ ಬೇಗ ಹಾಳಾಗುವುದಿಲ್ಲ. ಹಲಸಿನ ಹಣ್ಣು ಮಾತ್ರ ರೈಲಿಗೆ ಕೊಡಬೇಡಿ, ರಾತ್ರಿಯಿಡೀ ಇಡೀ ಬೋಗಿಗೆ ಪರಿಮಳ. ಬೆಳೆದ ಇಡೀ ಕಾಯಿ ಗೋಣಿಯಲ್ಲಿ ಕಟ್ಟಿ ಕೊಡಿ, ಅವರ ಮನೆಯ ಮೂಲೆಯಲ್ಲಿ ಕೆಲವು ದಿನದಲ್ಲಿ ತಾನಾಗಿ ಹಣ್ಣಾಗುತ್ತದೆ.